ಲಿಲಾವಿಗೆ ಬಂದ ತವರು

ನಮ್ಮ ತವರುಮನೆ ಎಷ್ಟು ಚದರ ಅಡಿ ಇದೆ ಎಂಬುದು ನನಗೆ ಗೊತ್ತಾದದ್ದು ಮರಾಠಿ ಪೇಪರಿನಿಂದ. ಉದಗೀರದಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಯಜಮಾನರು ಪೇಪರು ತಂದು ನನ್ನ ಮುಂದೆ ಹಿಡಿದು ಒಂದು ಮೂಲೆಗೆ ಬೆರಳಿಟ್ಟರು. ಬ್ಯಾಂಕಿನ ಜಾಹೀರಾತು ಅದು. ಸಾಲ ತೀರಿಸದವರ ಆಸ್ತಿಗಳ ಲಿಲಾವು, ಅಂದರೆ ಹರಾಜು. ಒಂದರ ಕೆಳಗೊಂದು ಮನೆ, ಪ್ಲಾಟು, ಗೋದಾಮುಗಳ ನಡುವೆ ನನ್ನ ತಮ್ಮನ ಹೆಸರು, ಅದರ ಪಕ್ಕದಲ್ಲಿ ನಿಲಂಗಾದ ನಮ್ಮ ಮನೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಗೋಡೆ, ದಕ್ಷಿಣಕ್ಕೆ ಸಣ್ಣ ಸಂದಿ. ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ, ಇದ್ದುದೆಲ್ಲದರೊಂದಿಗೆ ಮಾರಲಾಗುವುದು ಎಂದು ಬರೆದಿದ್ದರು. ಇದ್ದುದೆಲ್ಲ ಎಂದರೆ ಒಳಗೆ ಇರುವ ನನ್ನ ತಮ್ಮ, ಅವನ ಹೆಂಡತಿ ಕೂಡ ಸೇರಿದರೇನು ಎಂದು ಯಜಮಾನರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ತಮ್ಮ ಉಮರ್ಗಾ ರಸ್ತೆಯಲ್ಲಿ ಮಂಗಲ ಕಾರ್ಯಾಲಯ ಕಟ್ಟಿಸಿದ್ದ. ಜನ ಮದುವೆಯಾಗುವುದನ್ನು ಎಂದಾದರೂ ಬಿಡುತ್ತಾರೆಯೇ ಎಂಬುದು ಅವನ ಲೆಕ್ಕ. ಜನ ಬಿಡಲಿಲ್ಲ. ಆದರೆ ಅದೇ ರಸ್ತೆಯಲ್ಲಿ ಇನ್ನೂ ದೊಡ್ಡ ಕಾರ್ಯಾಲಯಗಳು ಎದ್ದವು. ಅವುಗಳಲ್ಲಿ ಮದುಮಗಳಿಗೆ ಎಸಿ ಕೋಣೆ, ಊಟಕ್ಕೆ ಬೇರೆ ಹಾಲ್, ಬಾಗಿಲಲ್ಲಿ ಪ್ಲಾಸ್ಟರಿನ ಆನೆ. ನಮ್ಮವನ ಕಾರ್ಯಾಲಯದಲ್ಲಿ ಬರೀ ಫ್ಯಾನು. ಅದನ್ನು ಕಟ್ಟಲು ಮನೆಯನ್ನು ಬ್ಯಾಂಕಿಗೆ ಬರೆದುಕೊಟ್ಟಿದ್ದನೆಂದು ನಮಗೆ ಹೇಳಿರಲಿಲ್ಲ. ಕಾರ್ಯಾಲಯವನ್ನು ಬ್ಯಾಂಕಿನವರು ಹಿಂದಿನ ವರ್ಷವೇ ಮಾರಿದ್ದರು. ಸಾಲ ಅಷ್ಟಕ್ಕೇ ತೀರಿರಲಿಲ್ಲ, ಈಗ ಮನೆಯ ಸರದಿ.

ಅವನಿಗೆ ಫೋನು ಮಾಡಿದೆ. ಏನೋ ವ್ಯವಸ್ಥೆ ಆಗುತ್ತದೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದ. ಅವನ ದನಿಯಲ್ಲಿ ವ್ಯವಸ್ಥೆ ಆಗುವ ಲಕ್ಷಣ ಇರಲಿಲ್ಲ. ಉಮರ್ಗಾದಲ್ಲಿರುವ ತಂಗಿಗೆ ಫೋನು ಮಾಡಿದೆ. ಅವಳು, ಅವಳ ಗಂಡ ಅಲ್ಲಿ ಸೀರೆ ಅಂಗಡಿ ನಡೆಸುತ್ತಾರೆ. ಪೇಪರು ನೋಡಿದೆ ಎಂದಷ್ಟೇ ಹೇಳಿ, ಮೊಣಕಾಲು ನೋವಿನ ವಿಷಯ ಎತ್ತಿದಳು. ಒಡಹುಟ್ಟಿದವನ ಮನೆ ಹೋಗುತ್ತಿರುವಾಗ ಇವಳಿಗೆ ಮೊಣಕಾಲಿನ ಚಿಂತೆ ಎಂದು ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಹಾಗೆಯೇ, ಕೇಳಿಕೊಂಡು ಬರುವುದಿಲ್ಲ.

ಆ ಮನೆಯಲ್ಲಿ ನಮ್ಮದೂ ಪಾಲಿತ್ತು. ಅಪ್ಪ ತೀರಿದ ಮೇಲೆ ನಾವಿಬ್ಬರೂ ಅಕ್ಕತಂಗಿಯರು ನಿಲಂಗಾದ ನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದೆವು. ನಮ್ಮ ಕಡೆ ಹೆಣ್ಣುಮಕ್ಕಳೆಲ್ಲ ಹೀಗೇ ಮಾಡುತ್ತಾರೆ. ಪಾಲು ಕೇಳಿದವಳಿಗೆ ತವರು ಇಲ್ಲ, ಪಾಲು ಬಿಟ್ಟವಳಿಗೆ ಕಡೆತನಕ ತವರು ಇದೆ. ಕಚೇರಿಯ ಸಾಹೇಬರು ನಿಮ್ಮ ಮೇಲೆ ಯಾರದಾದರೂ ಒತ್ತಾಯವಿದೆಯೇ ಎಂದು ಕೇಳಿದಾಗ ನಾವಿಬ್ಬರೂ ನಕ್ಕಿದ್ದೆವು. ತಮ್ಮ ನಮಗಿಬ್ಬರಿಗೂ ಸೀರೆ ಕೊಡಿಸಿ, ಎದುರಿನ ಹೋಟೆಲಿನಲ್ಲಿ ಭಜಿ ತಿನ್ನಿಸಿದ. ಅದರಲ್ಲಿ ಮೋಸವಿರಲಿಲ್ಲ. ನಾನು ಖುಷಿಯಿಂದಲೇ ಸಹಿ ಮಾಡಿದ್ದೆ. ಆದರೆ ಪೇಪರು ನೋಡಿದ ದಿನ ಮಾತ್ರ ತಲೆ ಗಿರ್ರೆಂದಿತು. ನಾನು ಬಿಟ್ಟುಕೊಟ್ಟದ್ದು ತಮ್ಮನಿಗೆ. ಅದು ಬ್ಯಾಂಕಿನ ಕೈಗೆ ಹೋದದ್ದು ಹೇಗೆ? ನನಗೆ ತವರು ಉಳಿಯಲಿ ಎಂದು ಬಿಟ್ಟ ಮನೆ ಯಾರೋ ಗೊತ್ತಿಲ್ಲದವರದಾದರೆ, ನಾನು ಬಿಟ್ಟದ್ದಾದರೂ ಯಾತಕ್ಕೆ?

ಮೂರು ದಿನ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಆಮೇಲೆ ಯಜಮಾನರಿಗೆ ಹೇಳಿದೆ, ಲಿಲಾವಿನಲ್ಲಿ ನಾನೇ ಆ ಮನೆ ಹಿಡಿಯುತ್ತೇನೆ. ಜಿಲ್ಲಾ ಪರಿಷತ್ತಿನ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮರಾಠಿ ಕಲಿಸಿದ್ದಕ್ಕೆ ನಿವೃತ್ತಿಯ ದುಡ್ಡು ಬಂದಿತ್ತು, ಅದು ನನ್ನದೇ. ಅವರು ಬೇಡವೆನ್ನಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

“ಮನಿ ಸಲುವಾಗಿ ಹಿಡಿತಿಯೋ, ತಮ್ಮನ ಸಲುವಾಗಿ ಹಿಡಿತಿಯೋ?”

ಎರಡೂ ಒಂದೇ ಅಲ್ಲವೇ ಎಂದು ಬಾಯಿಗೆ ಬಂತು. ಆದರೆ ಅವರ ಮುಖ ನೋಡಿದರೆ ಎರಡೂ ಒಂದೇ ಅಲ್ಲ ಎನ್ನುವ ಹಾಗಿತ್ತು. ಎದ್ದು ಒಳಗೆ ಹೋದೆ.

ಈ ಮಾತನ್ನು ಯಾರಿಗೂ ಹೇಳಕೂಡದು ಎಂದು ಗಟ್ಟಿ ಮಾಡಿಕೊಂಡೆ. ಲಿಲಾವಿಗೆ ಬಂದ ಮನೆಯನ್ನು ಹಿಡಿಯುವವರನ್ನು ನಮ್ಮಲ್ಲಿ ಬೇರೆ ಕಣ್ಣಿನಿಂದ ನೋಡುತ್ತಾರೆ. ಮನೆಯವನು ಬೀಳುವುದನ್ನೇ ಕಾಯುತ್ತಿದ್ದರು ಎನ್ನುತ್ತಾರೆ. ಅಂಥದರಲ್ಲಿ ಸ್ವಂತ ಅಕ್ಕ ತಮ್ಮನ ಮನೆಗೆ ಬೋಲಿ ಹಾಕಿ ಬೆಲೆ ಕೂಗಿದಳು ಎಂದರೆ ಕೇಳುವುದೇ ಬೇಡ. ತಮ್ಮನಿಗೆ ತಿಳಿದರೆ ಬೇಡವೆನ್ನುತ್ತಾನೆ. ತಂಗಿಗೆ ತಿಳಿದರೆ ಅವಳು ಅದೇ ಉಸಿರಿನಲ್ಲಿ ತಮ್ಮನಿಗೆ ತಿಳಿಸುತ್ತಾಳೆ. ಮೊದಲು ಮನೆ ಕೈಗೆ ಬರಲಿ, ಬಂದ ಮೇಲೆ ಅವನನ್ನು ಅಲ್ಲೇ ಇರಿಸಿ, ಎಲ್ಲರಿಗೂ ಹೇಳೋಣ ಎಂದುಕೊಂಡೆ.

ಕೊಳ್ಳುವವರು ಮನೆ ನೋಡಲು ಬ್ಯಾಂಕಿನವರು ಒಂದು ದಿನ ಗೊತ್ತು ಮಾಡಿದ್ದರು. ಆ ದಿನ ಬೆಳಗಿನ ಬಸ್ಸಿಗೆ ನಿಲಂಗಾಕ್ಕೆ ಹೋದೆ. ತಮ್ಮನಿಗೆ ಧೈರ್ಯ ಹೇಳಲು ಬಂದವಳ ಹಾಗೆ ಒಳಗೆ ಹೋದೆ. ನಾನು ಕೊಳ್ಳುವವಳಾಗಿ ಬಂದಿದ್ದೆನೋ, ಅಕ್ಕನಾಗಿ ಬಂದಿದ್ದೆನೋ ನನಗೇ ತಿಳಿಯದಾಗಿತ್ತು. ನೋಡಿದರೆ ತಂಗಿಯೂ ಉಮರ್ಗಾದಿಂದ ಬಂದು ಅಡುಗೆಮನೆಯಲ್ಲಿ ಕುಳಿತಿದ್ದಾಳೆ. ಮೊಣಕಾಲು ಹೇಗಿದೆ ಎಂದು ಕೇಳಿದೆ. ಯಾವ ಮೊಣಕಾಲು ಎಂದಳು.

ಮನೆ ನೋಡಲು ಲಾತೂರಿನಿಂದ ಒಬ್ಬ ದಲಾಲ, ಇಲ್ಲಿಯದೇ ಒಬ್ಬ ಗೊಬ್ಬರದ ವ್ಯಾಪಾರಿ, ಇನ್ನೂ ಒಂದಿಬ್ಬರು ಬಂದರು. ನಾದಿನಿ, ಅಂದರೆ ತಮ್ಮನ ಹೆಂಡತಿ, ಅವರಿಗೆಲ್ಲ ಚಹಾ ಮಾಡಿ ಕೊಟ್ಟಳು. ತನ್ನ ಮನೆಯನ್ನು ಕೊಳ್ಳಲು ಬಂದವರಿಗೆ ಚಹಾ ಕೊಡಬೇಕೋ ಬೇಡವೋ ಎಂದು ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ಮನೆಗೆ ಬಂದವರಿಗೆ ಚಹಾ ಕೊಟ್ಟು ರೂಢಿ, ಕೊಟ್ಟಳು. ದಲಾಲ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತ ನಡೆದ. ಅವ್ವ ನಮ್ಮನ್ನು ಹೆತ್ತ ಕೋಣೆಯ ಗೋಡೆಯನ್ನೂ ಕುಟ್ಟಿದ. ನನಗೆ ತಡೆಯಲಾಗಲಿಲ್ಲ. ಅವನ ಪಕ್ಕಕ್ಕೆ ಹೋಗಿ ಮರಾಠಿಯಲ್ಲಿ ಹೇಳಿದೆ, ಮಳೆಗಾಲದಲ್ಲಿ ಈ ಗೋಡೆಯಲ್ಲಿ ನೀರು ಇಳಿಯುತ್ತದೆ, ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು, ಹಿಂದಿನ ಗೋಡೆಯ ಮೇಲೆ ಪಕ್ಕದವರ ತಕರಾರಿದೆ. ಎಲ್ಲವೂ ಸುಳ್ಳು. ಅತ್ತ ಕಡೆ ತಂಗಿ ಗೊಬ್ಬರದ ವ್ಯಾಪಾರಿಗೆ ಬಚ್ಚಲಲ್ಲಿ ಎಷ್ಟು ಚೇಳು ಹೊಡೆದಿದ್ದೇವೆ ಎಂದು ಕೈ ಅಗಲಿಸಿ ತೋರಿಸುತ್ತಿದ್ದಳು. ನಮ್ಮ ಜನ್ಮದಲ್ಲಿ ಆ ಬಚ್ಚಲಲ್ಲಿ ಚೇಳು ಕಂಡದ್ದಿಲ್ಲ. ಇವಳಿಗೂ ನನ್ನ ಹಾಗೇ ಹೊಟ್ಟೆ ಉರಿಯುತ್ತಿದೆ ಎಂದು ಅವಳ ಮೇಲೆ ಪ್ರೀತಿ ಉಕ್ಕಿತು. ಅದಕ್ಕಿಂತ ಮುಂದೆ ಯೋಚಿಸುವ ಬುದ್ಧಿ ನನಗೆ ಬರಲಿಲ್ಲ.

ಬಂದವರು ಹೋದ ಮೇಲೆ ತಮ್ಮ ಹೊರಗಿನ ಕೋಣೆಯಿಂದ ಎದ್ದು ಬಂದ. ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ.

“ಇಷ್ಟ ಕೆಟ್ಟ ಮನ್ಯಾಗ ಇದ್ದೆವೇನು ನಾವು?” ಎಂದ.

ನನಗೆ ನಿಜ ಹೇಳಿಬಿಡಬೇಕು ಎನ್ನಿಸಿತು. ತಂಗಿಗೂ ಎನ್ನಿಸಿರಬೇಕು ಎಂದು ಈಗ ಅನ್ನುತ್ತೇನೆ. ಆಗ ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿದು ಊರಿಗೆ ಹೋದೆವು.

ಲಿಲಾವು ಎಂದರೆ ನನ್ನ ಕಣ್ಣ ಮುಂದೆ ಬರುವುದೇ ಬೇರೆ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಒಂದು ಮನೆಯ ಲಿಲಾವು ಆಗಿತ್ತು. ಡಂಗುರ ಸಾರಿ, ಅದೇ ಮನೆಯ ಮುಂದೆ ಜನರನ್ನು ಕೂಡಿಸಿ ಬೆಲೆ ಕೂಗಿಸಿದ್ದರು. ಆ ಮನೆಯ ಮಗಳು ಗಂಡನ ಊರಿನಿಂದ ಬಂದು ಜನರ ನಡುವೆ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಂದು ಬೆಲೆ ಹೇಳಿದಳು. ದೊಡ್ಡ ಬೆಲೆಯೇನಲ್ಲ. ಅಲ್ಲಿ ಅದಕ್ಕಿಂತ ಹೆಚ್ಚು ಕೊಡುವ ಸಾಹುಕಾರರಿದ್ದರು. ಒಬ್ಬರೂ ಬಾಯಿ ತೆರೆಯಲಿಲ್ಲ. ಮನೆಮಗಳು ಕೂಗಿದ ಮೇಲೆ ಅದರ ಮೇಲೆ ಏರಿಸುವುದು ಯಾರಿಂದ ಸಾಧ್ಯ? ಕೂಗುವವನು ಮತ್ತೆ ಮತ್ತೆ ಕೇಳಿದ. ಜನ ನೆಲ ನೋಡುತ್ತ ನಿಂತರು. ಮನೆ ಅವಳಿಗೇ ಆಯಿತು.

ಈಗಿನ ಲಿಲಾವು ಹಾಗಲ್ಲ, ಎಲ್ಲ ಕಂಪ್ಯೂಟರಿನ ಮೇಲೆ. ಠೇವಣಿ ಕಟ್ಟಬೇಕು, ಗುರುತಿನ ಕಾಗದ ಕೊಡಬೇಕು, ಹೇಳಿದ ದಿನ ಕುಳಿತು ಬೋಲಿ ಹಾಕಬೇಕು. ಉದಗೀರದ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಹೆಣ್ಣುಮಗಳು ಅರ್ಜಿ ತುಂಬಿ ಕೊಡುವ ಅಂಗಡಿ ಇಟ್ಟಿದ್ದಾಳೆ. ನನ್ನ ಕೈಕೆಳಗೆ ಓದಿದವಳು. ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಪರದೆಯ ಮೇಲೆ ಮನೆಯ ಚಿತ್ರ ಕೂಡ ಇರಲಿಲ್ಲ. ಒಂದು ಅಂಕಿ, ಒಂದು ಗಡಿಯಾರ, ಅಷ್ಟೇ. ಬೇರೆ ಯಾರು ಬೋಲಿ ಹಾಕುತ್ತಿದ್ದಾರೆ ಎಂದು ಕೇಳಿದೆ. ಹೆಸರು ತೋರಿಸುವುದಿಲ್ಲ ಮೇಡಮ್, ಬೆಲೆ ಮಾತ್ರ ತೋರಿಸುತ್ತದೆ ಎಂದಳು.

ನಾನು ಮೊದಲ ಬೋಲಿ ಹಾಕಿಸಿದೆ. ಸ್ವಲ್ಪ ಹೊತ್ತಿಗೆ ಯಾರೋ ಅದರ ಮೇಲೆ ಏರಿಸಿದರು. ನಾನೂ ಏರಿಸಿದೆ. ಅವರೂ ಏರಿಸಿದರು. ಲಾತೂರಿನ ದಲಾಲನೇ ಇರಬೇಕು, ಗೋಡೆ ಕುಟ್ಟಿದ ಕೈ ಅದು ಎಂದುಕೊಂಡೆ. ಕಡೆಯ ಗಳಿಗೆಯಲ್ಲಿ ಯಾರಾದರೂ ಏರಿಸಿದರೆ ಗಡಿಯಾರ ತಾನಾಗಿ ಮುಂದಕ್ಕೆ ಹೋಗುತ್ತದಂತೆ. ಹಾಗಾಗಿ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಹೊತ್ತು ಸಿಗುತ್ತಿತ್ತು. ಊಟದ ಹೊತ್ತು ದಾಟಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಮನೆಮಗಳ ಬೆಲೆಯ ಮೇಲೆ ಬೆಲೆ ಏರಿಸುವ ಈ ನಾಚಿಕೆಗೆಟ್ಟವನು ಯಾರು? ಅವನಿಗೆ ನಾನು ಕಾಣಬೇಕಿತ್ತು. ನನ್ನ ಸೆರಗು ಕಾಣಬೇಕಿತ್ತು. ಪರದೆಯನ್ನು ನೋಡಿ ಜೋರಾಗಿ ಬೈದೆ. ಅಂಗಡಿಯ ಹೆಣ್ಣುಮಗಳು ನಗು ತಡೆದುಕೊಂಡು, ಇನ್ನೂ ಏರಿಸಲೇ ಮೇಡಮ್ ಎಂದಳು. ಏರಿಸು ಎಂದೆ. ನಾನು ಮನಸ್ಸಿನಲ್ಲಿ ಹಾಕಿಕೊಂಡ ಮಿತಿ ಎಂದೋ ದಾಟಿ ಹೋಗಿತ್ತು. ಮಗನ ಮದುವೆಗೆಂದು ತೆಗೆದಿಟ್ಟದ್ದೂ ಅದರಲ್ಲಿ ಸೇರಿತು.

ಆಮೇಲೆ ಅತ್ತ ಕಡೆಯವರು ಸುಮ್ಮನಾದರು. ಗಡಿಯಾರ ನಿಂತಿತು. ಮನೆ ನನ್ನದಾಯಿತು.

ಅಂಗಡಿಯಿಂದ ಹೊರಗೆ ಬಂದು ನಿಂತೆ. ಇನ್ನು ಮುಚ್ಚಿಡುವ ಕಾರಣ ಇರಲಿಲ್ಲ, ಮೊದಲು ತಂಗಿಗೇ ಹೇಳೋಣ ಎಂದು ಫೋನು ಹಚ್ಚಿದೆ. ಅಳುತ್ತಿದ್ದಳು. ಏನಾಯಿತು ಎಂದೆ.

“ಮನಿ ಹೋಯ್ತು ಅಕ್ಕ. ಮುರುಮ ಊರಾಗಿನ ಪ್ಲಾಟ ಮಾರಿ ರೊಕ್ಕ ಜೋಡಿಸಿದ್ದೆ. ಯಾವನೋ ಬಿಡ್ಲೇ ಇಲ್ಲ, ಏರಿಸ್ಕೋತ ಹೋದ. ಅಣ್ಣನ್ನ ಅಲ್ಲೇ ಇರಸ್ಬೇಕಂತ ಮಾಡಿದ್ದೆ ನಾ.”

ರಸ್ತೆಯಲ್ಲಿ ನಿಂತವಳು ಹಾಗೆಯೇ ಪಕ್ಕದ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಆ ಯಾವನೋ ನಾನೇ ಎಂದು ಹೇಳಿದೆ. ಹೇಳಿದ ಮೇಲೆ ಅವಳ ಅಳು ನಿಂತಿತು. ಅಳುವುದೇ ಒಳ್ಳೆಯದಿತ್ತು.

“ಯಾಕ ಹೇಳ್ಲಿಲ್ಲ ನಂಗ?” ಎಂದಳು.

“ನೀ ಯಾಕ ಹೇಳ್ಲಿಲ್ಲ?” ಎಂದೆ.

ಅವಳೂ ನನ್ನ ಹಾಗೆಯೇ ಲೆಕ್ಕ ಹಾಕಿದ್ದಳು. ಅಕ್ಕನಿಗೆ ಹೇಳಿದರೆ ಅಕ್ಕ ಜೋರು ಮಾಡುತ್ತಾಳೆ, ಅಣ್ಣನಿಗೆ ತಿಳಿಸಿಬಿಡುತ್ತಾಳೆ. ಉಮರ್ಗಾದ ಒಬ್ಬ ವಕೀಲನ ಕಚೇರಿಯಲ್ಲಿ ಕುಳಿತು, ಗೊಬ್ಬರದ ವ್ಯಾಪಾರಿ ಎಂದುಕೊಂಡು ಅವಳೂ ಪರದೆಯನ್ನು ಬೈದಿದ್ದಳಂತೆ. ಬೇರೆ ಯಾರೂ ಆ ಮನೆಗೆ ಬೋಲಿಯನ್ನೇ ಹಾಕಿರಲಿಲ್ಲ. ಚೇಳು, ನೀರು, ತಕರಾರು ಎಂದು ನಾವೇ ಎಲ್ಲರನ್ನೂ ಓಡಿಸಿದ್ದೆವು. ಉಳಿದವರು ನಾವಿಬ್ಬರೇ, ಇಬ್ಬರೂ ಮನೆಮಕ್ಕಳು, ಒಬ್ಬಳ ಮೇಲೊಬ್ಬಳು ಏರಿಸಿದ್ದೆವು. ತಂಗಿ ಫೋನು ಇಟ್ಟಳು. ಆಮೇಲೆ ನನ್ನ ಫೋನು ಎತ್ತುವುದನ್ನೇ ಬಿಟ್ಟಳು.

ನಾನು ಗೆದ್ದೆನೋ ಸೋತೆನೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಒಂದು ಮಾತು ಕೇಳಿ ಇನ್ನೂ ತಲೆ ಕೆಟ್ಟಿತು. ನಾವು ಹುಚ್ಚರ ಹಾಗೆ ಏರಿಸಿದ ಬೆಲೆಯಿಂದ ತಮ್ಮನ ಸಾಲ ಪೂರ್ತಿ ತೀರಿತು ಎಂದು ಬ್ಯಾಂಕಿನವರು ಹೇಳಿದರು. ನಾನು ಕಡಿಮೆಗೆ ಹಿಡಿದಿದ್ದರೆ ಮನೆ ಹೋದ ಮೇಲೂ ಬಾಕಿ ಅವನ ತಲೆಯ ಮೇಲೆ ಉಳಿಯುತ್ತಿತ್ತಂತೆ. ಹಾಗಾದರೆ ಆದದ್ದು ಒಳ್ಳೆಯದೇ? ಯಜಮಾನರನ್ನು ಕೇಳಿದೆ. ಅವರು ಈ ಸಲವೂ ಕನ್ನಡಕ ಒರೆಸಿಕೊಂಡರು. ಈ ಮನುಷ್ಯನ ಜೊತೆ ನಾನು ಹೇಗೆ ಬಾಳಿದೆನೋ.

ಬ್ಯಾಂಕಿನ ಕಾಗದ ಕೈಗೆ ಬಂದ ದಿನ ನಿಲಂಗಾಕ್ಕೆ ಹೋಗಿ ತಮ್ಮನಿಗೆ ಹೇಳಿದೆ, ಕಾಗದ ನನ್ನ ಹೆಸರಿನಲ್ಲಿ ಇರಲಿ, ಮನೆ ನಿನ್ನದೇ, ಮೊದಲಿನ ಹಾಗೇ ಇರು. ಅವನು ನನ್ನ ಕೈ ಹಿಡಿದುಕೊಂಡ, ಕಣ್ಣಲ್ಲಿ ನೀರು ತಂದುಕೊಂಡ, ಹೂಂ ಎಂದ. ಎಂಟು ದಿನದೊಳಗೆ ಸಾಮಾನೆಲ್ಲ ಟೆಂಪೋದಲ್ಲಿ ಹೇರಿಕೊಂಡು ಊರಿನ ಇನ್ನೊಂದು ಕಡೆ ಎರಡು ಕೋಣೆ ಬಾಡಿಗೆಗೆ ಹಿಡಿದು ಹೋಗಿಬಿಟ್ಟ. ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿದ್ದ. ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಎಲ್ಲ ಕೇಳಿಸಿಕೊಂಡು, ಊಟ ಮಾಡಿದಿಯಾ ಅಕ್ಕ ಎಂದ. ಹೊಸ ಜಾಗಕ್ಕೆ ಬಾ ಎಂದು ಕರೆಯಲಿಲ್ಲ. ಕರೆಯದೆ ಹೋಗಲು ನನಗೂ ಬಿಗುಮಾನ.

ಹೀಗೆ ನಾನು ನಿಲಂಗಾದಲ್ಲಿ ಒಂದು ಖಾಲಿ ಮನೆಯ ಒಡತಿಯಾದೆ. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಕಸ ಗುಡಿಸಿ ಬರುತ್ತಿದ್ದೆ. ಬಾಡಿಗೆಗೆ ಕೊಡುತ್ತೀರಾ ಎಂದು ಓಣಿಯವರು ಕೇಳುತ್ತಿದ್ದರು. ಕೊಡಲೂ ಮನಸ್ಸಿಲ್ಲ, ಇರಲೂ ಆಗುವುದಿಲ್ಲ. ಗುಡಿಸಿದ ಮೇಲೆ ನಡುಮನೆಯಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತಿದ್ದೆ. ಅದೇ ಕಂಬ, ಅದೇ ಮಾಡು, ಅವ್ವ ವಿಭೂತಿ ಗಟ್ಟಿ ಇಡುತ್ತಿದ್ದ ಗೂಡು. ಎಲ್ಲ ಇದ್ದಲ್ಲೇ ಇತ್ತು. ಆದರೂ ಯಾರದೋ ಮನೆಗೆ ಬಂದು, ಅವರು ಬರುವುದನ್ನು ಕಾಯುತ್ತ ಕುಳಿತವಳ ಹಾಗೆ ಅನ್ನಿಸುತ್ತಿತ್ತು.

ನಾಗರಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. ಈ ವರ್ಷ ಯಾರು ಯಾರನ್ನು ಎಲ್ಲಿಗೆ ಕರೆಯಬೇಕು? ನನಗೆ ತೋಚಿದ್ದು ಒಂದೇ. ಮನೆ ನನ್ನ ಕೈಯಲ್ಲಿದೆ, ನಾನೇ ಹಬ್ಬ ಮಾಡಿ ತಮ್ಮ ತಂಗಿ ಇಬ್ಬರನ್ನೂ ಕರೆದರೆ ತವರು ಮೊದಲಿನ ಹಾಗೇ ನಡೆಯುತ್ತದೆ. ಹಬ್ಬದ ಹಿಂದಿನ ದಿನ ಉದಗೀರದಿಂದ ಪಾತ್ರೆ, ಗ್ಯಾಸಿನ ಒಲೆ ತಂದೆ. ಶೇಂಗಾದ ಉಂಡಿ ಕಟ್ಟಿದೆ, ಎಳ್ಳಿನ ಉಂಡಿ ಕಟ್ಟಿದೆ. ತಂಗಿ ಫೋನು ಎತ್ತಲಿಲ್ಲ. ತಮ್ಮ ಎತ್ತಿ, ನಾಳೆ ಬರುತ್ತೇನೆ ಎಂದ.

ಮರುದಿನ ಬೆಳಿಗ್ಗೆ ಬಂದ. ಬಾಗಿಲು ತೆರೆದೇ ಇತ್ತು. ಒಳಗೆ ಬರಲಿಲ್ಲ. ಹುಟ್ಟಿದಾಗಿನಿಂದ ಓಡಾಡಿದ ಹೊಸ್ತಿಲಿನ ಆಚೆ ನಿಂತು, ಮನೆಯಲ್ಲಿ ಯಾರಿದ್ದಾರೆ ಎಂದು ಕೂಗಿದ. ನನಗೆ ಮೈ ಉರಿಯಿತು. ಇದೇನು ನಾಟಕ, ಒಳಗೆ ಬಾ ಎಂದೆ. ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಚಾಪೆಯ ಅಂಚಿನಲ್ಲಿ ಕುಳಿತ. ಕೊಟ್ಟ ನೀರು ಕುಡಿದು ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಒಂದು ಉಂಡಿ ತಿಂದ. ಆಮೇಲೆ ಫೋನು ತೆಗೆದು ನನ್ನ ಯಜಮಾನರಿಗೆ ಹಚ್ಚಿದ. ಮಾಮಾ, ಹಬ್ಬಕ್ಕೆ ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ, ಎರಡು ದಿನ ಬಿಟ್ಟು ಕಳಿಸುತ್ತೇನೆ ಎಂದು ಕೇಳಿದ. ಮದುವೆಯಾದ ಹೊಸತರಲ್ಲಿ ಉದಗೀರಕ್ಕೆ ಬಂದು ಹೀಗೇ ತಲೆ ತಗ್ಗಿಸಿ ಕೇಳುತ್ತಿದ್ದ. ಅವರು ಆ ಕಡೆಯಿಂದ ಏನೆಂದರೋ, ಹೂಂರೀ ಎಂದು ಫೋನು ಜೇಬಿಗಿಟ್ಟ.

ಎಲ್ಲಿಗೆ ಕರೆದುಕೊಂಡು ಹೋಗುತ್ತೀ, ಹಬ್ಬ ಇಲ್ಲೇ ಇದೆ ಎಂದೆ.

“ಇಲ್ಲಿ ಹ್ಯಾಂಗ ಆಗ್ತದ ಅಕ್ಕ. ಇದು ನಿನ್ನ ಮನಿ” ಎಂದ. “ಪಂಚಮಿ ದಿನ ಹೆಣಮಕ್ಕಳು ತಮ್ಮ ಮನ್ಯಾಗ ಕುಂದರತಾರೇನು? ನಡಿ, ತವರಿಗೆ ಹೋಗೂಣು.”

ಅವನು ಬಾಡಿಗೆಗೆ ಹೋದದ್ದು ಅವಮಾನದಿಂದ ಎಂದು ಇಷ್ಟು ದಿನ ತಿಳಿದಿದ್ದೆ. ನಾನು ಕೊಟ್ಟ ಮನೆಯಲ್ಲಿ ಅವನು ಉಳಿದಿದ್ದರೆ ನನ್ನನ್ನು ಕರೆಯಲು ಯಾವ ಮನೆಯಿಂದ ಬರುತ್ತಿದ್ದ? ತಂಗಿ ಎಲ್ಲಿಗೆ ಬರುತ್ತಿದ್ದಳು? ಅದನ್ನು ಅವನು ಯೋಚಿಸಿಯೇ ಹೋಗಿದ್ದನೋ, ಈಗ ನನ್ನ ಸಮಾಧಾನಕ್ಕೆ ಹೇಳುತ್ತಿದ್ದನೋ ಗೊತ್ತಿಲ್ಲ. ಕೇಳಲಿಲ್ಲ. ತಂಗಿ ಬಂದಿದ್ದಾಳೆಯೇ ಎಂದು ಕೇಳಿದೆ.

“ಮುಂಜಾನೇ ಬಂದಾಳ. ನಿನ್ನ ಮ್ಯಾಲ ಸಿಟ್ಟ ಇನ್ನಾ ಇಳಿದಿಲ್ಲ” ಎಂದ.

ಒಲೆ ಆರಿಸಿದೆ. ಉಂಡಿಗಳನ್ನು ಡಬ್ಬಿಗೆ ತುಂಬಿದೆ. ಅಳು ಬರುತ್ತಿತ್ತು, ಅವನಿಗೆ ಕೇಳಿಸದಿರಲಿ ಎಂದು ಬೇಕಂತಲೇ ಪಾತ್ರೆ ಸಪ್ಪಳ ಮಾಡಿದೆ. ಹೊರಗೆ ಬಂದು ಕೀಲಿ ಹಾಕಿದೆ. ಡಬ್ಬಿಯನ್ನು ಅವನು ಎತ್ತಿಕೊಂಡ. ಓಣಿಯ ಕೊನೆಗೆ ಬಂದು ನಿಂತೆವು. ಆ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಅಲ್ಲಿಂದ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ತಿಳಿಯಲಿಲ್ಲ. ನನ್ನ ತವರಿಗೆ ದಾರಿ ಯಾವುದು ಎಂದು ತಮ್ಮನನ್ನು ಕೇಳಿದೆ.